ಕೊಳ್ಳುವ ಮುನ್ನ: ಮಬ್ಬು ಬೆಳಕಿಗೆ ಯಾವ ಕ್ಯಾಮೆರಾ?



ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವ ಕಾಗದಗಳು ಮಿಕ್ಸಿ, ಕುಕ್ಕರು, ಹೊಲಿಗೆ ಯಂತ್ರದ ವಿಚಾರ. ಈ ಸಲ ಬೇರೆ ಒಂದು ಕಾಗದ ಬಂದಿದೆ. ಬರೆದವರು ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಸಹೋದರಿ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಮಾತಿನಲ್ಲೇ ಓದಿ:

"ನಮ್ಮದು ರೇಷ್ಮೆ ಬೆಳೆಯುವ ಮನೆ. ನಮ್ಮತ್ತೆಯವರಿಗೆ ಎಂಬತ್ತು ತುಂಬುತ್ತಾ ಬಂತು. ಸಂಜೆ ದೀಪ ಹಚ್ಚಿ ದೇವರ ಮುಂದೆ ಕೂತು ಹಾಡ್ತಾರಲ್ಲ, ಆ ಹೊತ್ತಿನ ಅವರ ಮುಖ ಒಂದು ಫೋಟೋದಲ್ಲಿ ಇರಬೇಕು ಅಂತ ನನ್ನಾಸೆ. ಮೂರು ವರ್ಷದಿಂದ ಪ್ರಯತ್ನ ಪಡ್ತಿದ್ದೀನಿ, ಒಂದೂ ಸರಿಯಾಗಿ ಬಂದಿಲ್ಲ. ಒಂದೋ ಕಪ್ಪು, ಇಲ್ಲಾ ಅಲುಗಿರುತ್ತೆ. ಫ್ಲ್ಯಾಷ್ ಹೊಡೆದರೆ ಮುಖ ತಿರುಗಿಸಿಬಿಡ್ತಾರೆ, ಕಣ್ಣಿನ ಪೊರೆ ತೆಗೆಸಿದ ಮೇಲೆ ಆ ಬೆಳಕು ಕಂಡರೇ ಆಗಲ್ಲ. ಮಾವನವರ ಫೋಟೋ ತೆಗೆಯೋಣ ತೆಗೆಯೋಣ ಅಂತ ದಿನ ತಳ್ಳಿ, ಕೊನೆಗೆ ಗೋಡೆಗೆ ಹಾಕೋದಕ್ಕೆ ವೋಟರ್ ಕಾರ್ಡಿನ ಫೋಟೋನೇ ದೊಡ್ಡದು ಮಾಡಿಸಬೇಕಾಯ್ತು. ಅತ್ತೆಯವರಿಗೂ ಹಾಗಾಗಬಾರದು. ಮನೇಲಿ ಹಳೇ ಕೆನಾನ್ 1300ಡಿ ಕ್ಯಾಮೆರಾ ಇದೆ. ಈ ಸಲದ ಗೂಡಿನ ದುಡ್ಡಲ್ಲಿ ನನ್ನ ಪಾಲಿನದು ಇಪ್ಪತ್ತೈದು ಸಾವಿರ ಎತ್ತಿಟ್ಟಿದ್ದೀನಿ. ಹಳೇದು ಕೊಟ್ಟು ಹೊಸಾದು ತಗೊಳ್ಳಿ ಅತ್ತಿಗೆ ಅಂತಾನೆ ಮೈದುನ. ಅಂಗಡಿಯವರು ಅರವತ್ತು ಪಟ್ಟು ಜೂಮಿಂದು ತೋರಿಸ್ತಾರೆ. ಏನು ಮಾಡಲಿ?"

ತಂಗೀ, ಮೊದಲು ಉತ್ತರ ಹೇಳಿಬಿಡುತ್ತೇವೆ, ಕಾರಣ ಆಮೇಲೆ. ಹಳೆಯ ಕ್ಯಾಮೆರಾ ಕೊಡಬೇಡಿ. ಹೊಸ ಕ್ಯಾಮೆರಾ ಕೊಳ್ಳಬೇಡಿ. ಅದರ ಮುಂದಿನ ಲೆನ್ಸ್ ಒಂದನ್ನು ಮಾತ್ರ ಬದಲಾಯಿಸಿ. ನಿಮ್ಮ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮ ಹತ್ತಿರವೇ ಉಳಿಯುತ್ತದೆ.

ಮೊದಲು ಬೆಳಕಿನ ಲೆಕ್ಕ

ಬೆಳಕನ್ನು ಅಳೆಯಲು ಲಕ್ಸ್ ಎಂಬ ಮಾನವಿದೆ. ಒಂದು ಮೇಣದಬತ್ತಿಯಿಂದ ಒಂದು ಮೀಟರ್ ದೂರದಲ್ಲಿ ಬೀಳುವ ಬೆಳಕು ಹೆಚ್ಚುಕಡಿಮೆ 1 ಲಕ್ಸ್. ಟ್ಯೂಬ್‌ಲೈಟ್ ಹಾಕಿದ ನಡುಮನೆಯಲ್ಲಿ 100ರ ಆಸುಪಾಸು ಇರುತ್ತದೆ. ನೆತ್ತಿಯ ಮೇಲಿನ ಬಿಸಿಲು 1 ಲಕ್ಷ ಲಕ್ಸ್! ರೇಷ್ಮೆಹುಳುವಿಗೆ ಜೋರು ಬೆಳಕು ಹಿಡಿಸದು. ಹುಳುಮನೆಗೆ 15ರಿಂದ 30 ಲಕ್ಸ್ ಸಾಕು ಅಂತಾರೆ. ಅಂದರೆ ಸಾದಲಿಯ ಸಹೋದರಿ ದಿನವಿಡೀ ಓಡಾಡುವ ಜಾಗವೇ ಮಬ್ಬು ಬೆಳಕಿನದು.

ನಮ್ಮ ಕಣ್ಣು ಬಿಸಿಲಿಂದ ಒಳಗೆ ಬಂದರೆ ಸ್ವಲ್ಪ ಹೊತ್ತಿಗೆ ಹೊಂದಿಕೊಂಡುಬಿಡುತ್ತದೆ. ಅದಕ್ಕೇ ದೀಪದ ಬೆಳಕು "ಅಷ್ಟೇನೂ ಕಡಿಮೆ ಇಲ್ಲ" ಎಂದು ನಮಗೆ ಅನಿಸುವುದು. ಕ್ಯಾಮೆರಾಕ್ಕೆ ಬಿದ್ದಷ್ಟೇ ಬೆಳಕು, ಸಿಕ್ಕಿದಷ್ಟೇ ಲೆಕ್ಕ.

ನಲ್ಲಿ, ಕೊಡ ಮತ್ತು ಹಾಲು

ಕ್ಯಾಮೆರಾದ ಒಳಗೆ ನಡೆಯುವುದು ನಲ್ಲಿಯಿಂದ ಕೊಡ ತುಂಬಿಸುವ ಕೆಲಸವೇ. ನಲ್ಲಿಯ ಬಾಯಿ ದೊಡ್ಡದಿದ್ದರೆ ಕೊಡ ಬೇಗ ತುಂಬುತ್ತದೆ. ಸಣ್ಣದಿದ್ದರೆ ಹೆಚ್ಚು ಹೊತ್ತು ಹಿಡಿಯಬೇಕು.

ಲೆನ್ಸಿನ ಬಾಯಿಯ ಅಳತೆಯನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ. ಇಲ್ಲೊಂದು ತಮಾಷೆ ಇದೆ: ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಕ್ಯಾಮೆರಾದ ಜೊತೆಗೇ ಕೊಡುವ 18-55 ಲೆನ್ಸನ್ನು ಪೂರ್ತಿ ಎಳೆದಾಗ ಅದರ ಬಾಯಿ ಎಫ್ 5.6. ಎಫ್ 1.8ರ ಲೆನ್ಸು ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಈ ಒಂದು ವಾಕ್ಯ ನೆನಪಿದ್ದರೆ ಇಡೀ ಲೇಖನ ನೆನಪಿದ್ದ ಹಾಗೆ.

ಕೊಡ ಹಿಡಿಯುವ ಹೊತ್ತಿಗೆ ಷಟರ್ ವೇಗ ಎನ್ನುತ್ತಾರೆ. ಹೆಚ್ಚು ಹೊತ್ತು ಹಿಡಿದರೆ ಕೈ ನಡುಗುತ್ತದೆ, ಎದುರಿಗಿದ್ದವರೂ ಅಲುಗುತ್ತಾರೆ. ಚಿತ್ರ ಕಲಸಿಹೋಗುವುದು ಇದರಿಂದಲೇ. ಸುಮ್ಮನೆ ಕೂತ ಹಿರಿಯರಿಗೆ ಸೆಕೆಂಡಿನ ಅರವತ್ತು, ಎಂಬತ್ತರಲ್ಲಿ ಒಂದು ಭಾಗ (1/60, 1/80) ಸಾಕು. ಓಡಾಡುವ ಮಕ್ಕಳಿಗೆ 1/250 ಆದರೂ ಬೇಕು.

ಮೂರನೆಯದು ಐ.ಎಸ್.ಓ. ಹಿಂದೆ ರೀಲಿನ ಡಬ್ಬಿಯ ಮೇಲೆ 100, 400 ಎಂದು ಬರೆದಿರುತ್ತಿತ್ತಲ್ಲ, ಅದೇ. ಈಗ ಗುಂಡಿ ತಿರುಗಿಸಿ 3200, 6400ರವರೆಗೂ ಏರಿಸಬಹುದು. ಆದರೆ ಇದು ಹಾಲಿಗೆ ನೀರು ಬೆರೆಸಿ ಲೋಟ ತುಂಬಿಸಿದ ಹಾಗೆ. ಲೋಟ ತುಂಬುತ್ತದೆ, ಹಾಲು ತೆಳ್ಳಗಾಗುತ್ತದೆ. ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು ಕಾಣುವುದು ಇದಕ್ಕೇ. ಆದರೂ ಹೆದರಬೇಡಿ. ರವೆ ರವೆಯಾದ ಮುಖವಾದರೂ ಮುಖವೇ. ಅಲುಗಿದ ಮುಖ ಯಾರದ್ದೆಂದೇ ತಿಳಿಯದು.

ಅಂಗಡಿಯಲ್ಲಿ ಕೇಳುವ ಮೂರು ಮಾತುಗಳು

"ಅರವತ್ತು ಪಟ್ಟು ಜೂಮ್ ಇದೆ ಮೇಡಂ." ಇರಬಹುದು. ಇಂಥ ಉದ್ದ ಮೂತಿಯ ಕ್ಯಾಮೆರಾಗಳ ಒಳಗೆ ಬೆಳಕು ಹಿಡಿಯುವ ಬಿಲ್ಲೆ (ಸೆನ್ಸರ್) ಸಾಮಾನ್ಯವಾಗಿ 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ನಿಮ್ಮ 1300ಡಿಯ ಬಿಲ್ಲೆ 22.3 ಮಿಲಿಮೀಟರ್ ಅಗಲ, 14.9 ಮಿಲಿಮೀಟರ್ ಎತ್ತರ. ವಿಸ್ತೀರ್ಣದಲ್ಲಿ ಸುಮಾರು ಹನ್ನೆರಡು ಪಟ್ಟು! ತಟ್ಟೆ ಕೊಟ್ಟು ಮಿಳ್ಳೆ ತಂದ ಹಾಗಾಗುತ್ತದೆ. ಕೆರೆಯಾಚೆಯ ಹಕ್ಕಿಗೆ ಜೂಮ್ ಬೇಕು, ದೀಪದ ಮುಂದಿನ ಅತ್ತೆಗೆ ಬೇಡ.

"ಇದರಲ್ಲಿ ಮೆಗಾಪಿಕ್ಸೆಲ್ ಜಾಸ್ತಿ." ಮೆಗಾಪಿಕ್ಸೆಲ್ ಎಂದರೆ ಬೆಳಕಲ್ಲ, ಚಿತ್ರದ ಚುಕ್ಕಿಗಳ ಸಂಖ್ಯೆ. ನಿಮ್ಮದರಲ್ಲಿ 18 ಇದೆ. ಗೋಡೆಗೆ ಹಾಕುವ ಫೋಟೋಗೆ ಅದು ಧಾರಾಳ.

"ಹಳೇದು ಕೊಟ್ಟು ಹೊಸಾದು ತಗೊಳ್ಳಿ." 1300ಡಿ ಬಂದದ್ದು 2016ರಲ್ಲಿ. ಹೊಸ ಕ್ಯಾಮೆರಾಗಳು ಅದಕ್ಕಿಂತ ಉತ್ತಮ, ಸುಳ್ಳಲ್ಲ. ಆದರೆ ಹೊಸದರ ಜೊತೆಗೂ ಅದೇ ಸಣ್ಣ ಬಾಯಿಯ ಲೆನ್ಸೇ ಬರುವುದು ವಾಡಿಕೆ. ಕ್ಯಾಮೆರಾ ಬದಲಿಸಿ ಸಿಗುವ ಲಾಭ ಹೆಚ್ಚೆಂದರೆ ಎರಡು ಪಟ್ಟಿನ ಆಸುಪಾಸು. ಲೆನ್ಸ್ ಬದಲಿಸಿ ಸಿಗುವುದು ಒಂಬತ್ತು ಪಟ್ಟು. ಖರ್ಚು ನೋಡಿದರೆ ಮೊದಲನೆಯದೇ ಹೆಚ್ಚು. ಈ ಲೆಕ್ಕ ಮೈದುನನಿಗೂ ಓದಿ ಹೇಳಿ.

ಯಾವ ಲೆನ್ಸು?

ಕೆನಾನ್ ಕಂಪನಿಯ ಇ.ಎಫ್ 50 ಎಂ.ಎಂ. ಎಫ್ 1.8 ಎಸ್.ಟಿ.ಎಂ. ಎಂಬ ಲೆನ್ಸು 2015ರಲ್ಲಿ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು. ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಏರಿಳಿಯುತ್ತದೆ. ಎರಡು ಅಂಗಡಿಯಲ್ಲಿ ವಿಚಾರಿಸಿ. ಇದರಲ್ಲಿ ಜೂಮ್ ಇಲ್ಲ. ಹತ್ತಿರ ಬೇಕೆಂದರೆ ನೀವೇ ಎರಡು ಹೆಜ್ಜೆ ಮುಂದೆ ಹೋಗಬೇಕು.

ನಿಕಾನ್ ಕ್ಯಾಮೆರಾ ಇರುವವರು 35 ಎಂ.ಎಂ. ಎಫ್ 1.8 ಅಥವಾ 50 ಎಂ.ಎಂ. ಎಫ್ 1.8 ನೋಡಬಹುದು. ಹೆಸರಿನಲ್ಲಿ "ಎ.ಎಫ್-ಎಸ್" ಎಂಬ ಅಕ್ಷರಗಳು ಇರಲೇಬೇಕು. ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮಾಡುವ ಮೋಟಾರು ಇಲ್ಲ. ಹಳೆಯ ಅಗ್ಗದ ಲೆನ್ಸ್ ಹಾಕಿದರೆ ಪ್ರತಿ ಸಲವೂ ಕೈಯಲ್ಲೇ ತಿರುಗಿಸುತ್ತಾ ಕೂರಬೇಕಾದೀತು.

ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಇರುವ ಲೆನ್ಸನ್ನೇ 50ರ ಗೆರೆಗೆ ತಿರುಗಿಸಿ, ಅಲ್ಲೇ ಬಿಟ್ಟು, ಒಂದು ಸಂಜೆಯೆಲ್ಲ ಮನೆಯಲ್ಲಿ ಓಡಾಡಿ. ಆರು ಅಡಿ ದೂರದಿಂದ ಒಬ್ಬರ ಮುಖ, ಎದೆಯವರೆಗೆ ಚೆನ್ನಾಗಿ ಬರುತ್ತದೆ. ಆರೇಳು ಜನ ಸಾಲಾಗಿ ನಿಂತರೆ ಹದಿನೆಂಟು ಅಡಿ ಹಿಂದಕ್ಕೆ ಸರಿಯಬೇಕು. ನಡುಮನೆ ಅಷ್ಟು ದೊಡ್ಡದಿದೆಯೇ? ನಿಮಗೆ ಬೇಕಾದ್ದು ಒಬ್ಬರ ಮುಖವಾದರೆ 50 ಸರಿ. ಇಡೀ ಸಂಸಾರ ಒಂದೇ ಚಿತ್ರದಲ್ಲಿ ಬೇಕೆಂದರೆ ಹಳೆಯ ಲೆನ್ಸೇ ಇದೆಯಲ್ಲ, ಅದನ್ನು ಹಗಲಿಗೆ ಇಟ್ಟುಕೊಳ್ಳಿ.

ಫ್ಲ್ಯಾಷ್ ಬೇಡವೇ?

ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದ ಹೋಮಾಯಿ ವ್ಯಾರಾವಾಲಾ (1913-2012) ದೆಹಲಿಯಲ್ಲಿ ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು ಸ್ವಾತಂತ್ರ್ಯ ಬಂದ ಕಾಲದ ಚಿತ್ರಗಳನ್ನು ತೆಗೆದವರು. 2011ರಲ್ಲಿ ಪದ್ಮವಿಭೂಷಣ ಬಂತು. ಅವರ ಕಾಲದಲ್ಲಿ ಒಳಾಂಗಣದ ಚಿತ್ರಕ್ಕೆ ಫ್ಲ್ಯಾಷ್ ಬಲ್ಬು ಬೇಕಿತ್ತು. ಒಂದು ಬಲ್ಬು ಒಂದೇ ಚಿತ್ರಕ್ಕೆ. ಉರಿದ ಮೇಲೆ ಬಿಸಾಡಿ ಇನ್ನೊಂದು ಹಾಕಬೇಕು. ಆಗ ಬೇರೆ ದಾರಿ ಇರಲಿಲ್ಲ. ಈಗ ನಮಗಿದೆ.

ಕ್ಯಾಮೆರಾದ ಮೇಲಿನ ಪುಟ್ಟ ಫ್ಲ್ಯಾಷ್ ನೇರವಾಗಿ ಮುಖಕ್ಕೆ ಬಡಿಯುತ್ತದೆ. ದೀಪದ ಹೊಂಬಣ್ಣ ಹೋಗಿ, ಮುಖ ಸುಣ್ಣ ಬಳಿದಂತಾಗಿ, ಹಿಂದಿನ ಗೋಡೆಯ ಮೇಲೆ ಕರಿನೆರಳು ನಿಲ್ಲುತ್ತದೆ. ಬೇರೆ ಫ್ಲ್ಯಾಷ್ ಕೊಂಡು ತಾರಸಿಗೆ ತಿರುಗಿಸಿ ಹೊಡೆದರೆ ಬೆಳಕು ಮೆತ್ತಗಾಗುತ್ತದೆ, ನಿಜ. ಆದರೆ ತಾರಸಿ ಬೆಳ್ಳಗಿರಬೇಕು. ಕಲ್ಲುಚಪ್ಪಡಿಯ ಮನೆಯಲ್ಲಿ, ಹೆಂಚಿನ ಮನೆಯಲ್ಲಿ ಅದು ಅಷ್ಟಾಗಿ ಕೆಲಸಕ್ಕೆ ಬಾರದು. ಅಲ್ಲದೆ ಅತ್ತೆಯವರಿಗೇ ಹಿಡಿಸುವುದಿಲ್ಲವೆಂದ ಮೇಲೆ ಆ ಮಾತು ಅಲ್ಲಿಗೆ ಮುಗಿಯಿತು.

ದುಡ್ಡಿಲ್ಲದ ಉಪಾಯಗಳು

ಹೊಸ ಲೆನ್ಸು ಬಂದರೂ ಇವು ಬೇಕು. ಬರದಿದ್ದರೆ ಇನ್ನೂ ಹೆಚ್ಚು ಬೇಕು.

1. ದೀಪವನ್ನು ಹತ್ತಿರ ಸರಿಸಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಒಂದು ಬತ್ತಿಯ ಬದಲು ಐದು ಬತ್ತಿ ಹಚ್ಚಿ. ಸೆರಗು ಮಾತ್ರ ಸೊಂಟಕ್ಕೆ ಸಿಕ್ಕಿಸಿರಲಿ, ಜೋಪಾನ.

2. ದೀಪದ ಆಚೆ ಬದಿಯಲ್ಲಿ, ಚಿತ್ರದಲ್ಲಿ ಕಾಣದ ಹಾಗೆ, ಬಿಳಿ ಪಂಚೆಯೊಂದನ್ನು ಯಾರಾದರೂ ಹಿಡಿದುಕೊಳ್ಳಲಿ. ಕೆನ್ನೆಯ ಕತ್ತಲ ಭಾಗಕ್ಕೂ ಸ್ವಲ್ಪ ಬೆಳಕು ಮರಳಿ ಬೀಳುತ್ತದೆ.

3. ಒಂದು ಬಟ್ಟೆಯ ಚೀಲಕ್ಕೆ ಒಂದು ಸೇರು ರಾಗಿ ತುಂಬಿ ಬಾಯಿ ಹೊಲಿದುಬಿಡಿ. ಕಿಟಕಿ ಕಟ್ಟೆಯ ಮೇಲೋ ಸ್ಟೂಲಿನ ಮೇಲೋ ಇಟ್ಟು, ಅದರ ಮೇಲೆ ಕ್ಯಾಮೆರಾ ಊರಿದರೆ ಅಲುಗುವುದಿಲ್ಲ. ದೇವರಮನೆ, ರಂಗೋಲಿ, ದಸರೆ ಗೊಂಬೆ, ಇಂಥ ಅಲುಗದ ವಸ್ತುಗಳಿಗೆ ಇದಕ್ಕಿಂತ ಅಗ್ಗದ ಸ್ಟ್ಯಾಂಡ್ ಇಲ್ಲ.

4. ಲೆನ್ಸಿನ ಗಾಜಿನ ಮೇಲೆ ಬೆರಳಿನ ಎಣ್ಣೆಗುರುತು ಇದ್ದರೆ ದೀಪದ ಸುತ್ತ ಮಂಜು ಕವಿದಂತೆ ಬರುತ್ತದೆ. ಹಳೆಯ ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ. ಸೀರೆ ಸೆರಗಿನಿಂದ ಬೇಡ, ಜರಿ ಗೀರುತ್ತದೆ.

5. ಕಲ್ಯಾಣಮಂಟಪದ ಎಲ್.ಇ.ಡಿ. ದೀಪಗಳ ಕೆಳಗೆ ಚಿತ್ರದಲ್ಲಿ ಪಟ್ಟೆಪಟ್ಟೆ ಕಾಣುತ್ತದೆಯೇ? ನಮ್ಮ ಕರೆಂಟಿನಲ್ಲಿ ಇಂಥ ಎಷ್ಟೋ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಷಟರ್ ವೇಗವನ್ನು 1/100 ಅಥವಾ 1/50ಕ್ಕೆ ಇಡಿ, ಪಟ್ಟೆ ಬಹುಮಟ್ಟಿಗೆ ಹೋಗುತ್ತದೆ.

ಈಗ ಅತ್ತೆಯವರ ಫೋಟೋ

ಐದು ಬತ್ತಿಯ ದೀಪವನ್ನು ಮುಖದಿಂದ ಅರ್ಧ ಮೀಟರ್ ದೂರದಲ್ಲಿ, ಒಂದು ಪಕ್ಕಕ್ಕೆ ಇಡಿ. ಆಗ ಮುಖದ ಮೇಲೆ ಸುಮಾರು 20 ಲಕ್ಸ್ ಬೀಳುತ್ತದೆ. ಐ.ಎಸ್.ಓ. 3200ಕ್ಕೆ ತಿರುಗಿಸಿ. ಇದೇ ಬೆಳಕಿನಲ್ಲಿ ಹಳೆಯ ಲೆನ್ಸು ಎಫ್ 5.6ರಲ್ಲಿ ಕೇಳುವ ಹೊತ್ತು ಸೆಕೆಂಡಿನ ಎಂಟನೇ ಒಂದು ಭಾಗ. ಹಾಡುವವರ ತುಟಿ, ತಲೆ ಅಷ್ಟರಲ್ಲಿ ಅಲುಗದೆ ಇರುತ್ತದೆಯೇ? ಮೂರು ವರ್ಷದಿಂದ ಚಿತ್ರ ಕೆಟ್ಟದ್ದು ನಿಮ್ಮ ಕೈಯಿಂದಲ್ಲ ತಂಗೀ, ಈ ಎಂಟನೇ ಒಂದು ಭಾಗದಿಂದ. ಎಫ್ 1.8ರ ಲೆನ್ಸಿಗೆ ಸೆಕೆಂಡಿನ ಎಂಬತ್ತನೇ ಒಂದು ಭಾಗ ಸಾಕು.

ಕ್ಯಾಮೆರಾದ ಗುಂಡಿಯನ್ನು "ಎಂ" ಅಕ್ಷರಕ್ಕೆ ಇಟ್ಟು ಎಫ್ 1.8, 1/80, 3200 ಎಂದು ಹೊಂದಿಸಿಕೊಂಡರೆ ಆಯಿತು. ಕಪ್ಪಾಗಿ ಬಂದರೆ ಇನ್ನೆರಡು ಬತ್ತಿ ಹಚ್ಚಿ, ಇಲ್ಲವೇ 6400ಕ್ಕೆ ಏರಿಸಿ.

ಒಂದು ಎಚ್ಚರಿಕೆ. ಬಾಯಿ ದೊಡ್ಡದು ತೆರೆದಾಗ ಸ್ಫುಟವಾಗಿ ಬರುವ ಆಳ ಬಹಳ ಕಡಿಮೆ. ಐದಡಿ ದೂರದಿಂದ ತೆಗೆದರೆ ನಾಲ್ಕು ಬೆರಳಗಲಕ್ಕಿಂತ ಹೆಚ್ಚಿಲ್ಲ. ಮೂಗುಬೊಟ್ಟು ಫಳಫಳ ಹೊಳೆದು ಕಣ್ಣು ಮಸುಕಾಗಬಾರದು. ಫೋಕಸಿನ ನಡುವಿನ ಚುಕ್ಕಿಯನ್ನು ಹತ್ತಿರದ ಕಣ್ಣಿನ ಮೇಲೇ ಇಟ್ಟು ಒತ್ತಿ.

ಒಂದೇ ಚಿತ್ರಕ್ಕೆ ನಿಲ್ಲಬೇಡಿ. ನಲವತ್ತು ತೆಗೆಯಿರಿ, ರೀಲಿನ ಖರ್ಚು ಈಗಿಲ್ಲವಲ್ಲ. ಅವರನ್ನು "ಈ ಕಡೆ ನೋಡಿ ಅತ್ತೆ" ಎಂದು ಕೂಗಲೂ ಬೇಡಿ. ಹಾಡು ಮುಗಿಸಿ ಕೈಮುಗಿಯುವ ಹೊತ್ತಿಗೆ ಒಂದೆರಡು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಆಗ ತೆಗೆಯಿರಿ.

ಇದೇ ಲೆಕ್ಕ ಹುಳುಮನೆಗೂ ಬರುತ್ತದೆ. ಹಣ್ಣಾದ ಹುಳು ಚಂದ್ರಿಕೆ ಹತ್ತಿ ಗೂಡು ಕಟ್ಟುವುದನ್ನು ಒಂದಡಿಗಿಂತ ಸ್ವಲ್ಪ ಹೆಚ್ಚು ಹತ್ತಿರದಿಂದ ಈ ಲೆನ್ಸಿನಲ್ಲಿ ತೆಗೆಯಬಹುದು. ಅಲ್ಲಿಯೂ ಫ್ಲ್ಯಾಷ್ ಬೇಡ. ಸುಣ್ಣ, ಬ್ಲೀಚಿಂಗ್ ಪುಡಿ ಉದುರಿಸಿದ ದಿನ ಮಾತ್ರ ಕ್ಯಾಮೆರಾ ಒಳಗೆ ಒಯ್ಯಬೇಡಿ, ಆ ಧೂಳು ಲೆನ್ಸಿಗೆ ಶತ್ರು. ಊರಜಾತ್ರೆಯಲ್ಲಿ ರಾತ್ರಿ ತಂಬಿಟ್ಟಿನ ದೀಪ ಹೊತ್ತು ಸಾಲಾಗಿ ಬರುವ ಹೆಣ್ಣುಮಕ್ಕಳ ಮುಖಕ್ಕೂ ಇದೇ ಲೆನ್ಸು. ನಡೆಯುವಾಗಲ್ಲ, ಗುಡಿಯ ಮುಂದೆ ನಿಂತಾಗ ತೆಗೆಯಿರಿ.

ಹಳೆಯ ಲೆನ್ಸು ಕೊಳ್ಳುವವರಿಗೆ

ಬೆಂಗಳೂರಿನಲ್ಲಿ ಒಬ್ಬರು ಬಳಸಿದ ಲೆನ್ಸುಗಳೂ ಸಿಗುತ್ತವೆ. ಕಡಿಮೆ ಬೆಲೆಗೆ ಮನಸೋಲುವ ಮುಂಚೆ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮುಟ್ಟಬೇಡಿ. ನಿಮ್ಮ ಕ್ಯಾಮೆರಾವನ್ನೇ ಒಯ್ದು, ಅಂಗಡಿಯಲ್ಲೇ ಹಾಕಿ, ಹತ್ತು ಚಿತ್ರ ತೆಗೆದು ನೋಡಿ. ಫೋಕಸ್ ತಾನೇ ಹಿಡಿಯುತ್ತದೆಯೇ? ಹೊಸದಾಗಲಿ ಹಳೆಯದಾಗಲಿ, ಬಿಲ್ಲಿಲ್ಲದೆ ದುಡ್ಡು ಕೊಡಬೇಡಿ. "ಬಿಲ್ ಬೇಡ ಅಂದರೆ ಇನ್ನೂ ಸಾವಿರ ಕಡಿಮೆ" ಎಂದರೆ ಗ್ಯಾರಂಟಿಯೂ ಇಲ್ಲ ಎಂದೇ ಅರ್ಥ.

ಮನೆಗೆ ತಂದ ಮೇಲೆ ಬೂಷ್ಟು ಬರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಹುಳುಮನೆಯಲ್ಲಿ ತೇವ ಹೆಚ್ಚು, ಅಲ್ಲಿ ಇಡಲೇಬೇಡಿ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮುಚ್ಚಿ, ಬೀರುವಿನಲ್ಲಿಡಿ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಕಟ್ಟಿಟ್ಟರೆ ಬೂಷ್ಟು ಖಂಡಿತ.

ಫೋನು ಮಾತ್ರ ಇರುವವರು

ಬೇಸರ ಬೇಡ. ಈಚಿನ ಫೋನುಗಳಲ್ಲಿ ನೈಟ್ ಮೋಡ್ ಎಂಬುದೊಂದಿದೆ. ಅದು ಹಲವು ಚಿತ್ರಗಳನ್ನು ಬೇಗಬೇಗ ತೆಗೆದು ಒಂದರ ಮೇಲೊಂದು ಸೇರಿಸುತ್ತದೆ. ಅಲುಗದ ವಸ್ತುವಿಗೆ ಬಹಳ ಚೆನ್ನ. ಮನುಷ್ಯರಾದರೆ ಉಸಿರು ಬಿಗಿಹಿಡಿದು ಕೂರಬೇಕು. ಫೋನಿನಲ್ಲಿ ಜೂಮ್ ಎಳೆಯದೆ, ಮುಖ್ಯ ಲೆನ್ಸಿನಲ್ಲೇ, ರಾಗಿ ಚೀಲಕ್ಕೆ ಒರಗಿಸಿ, ಐದು ಬತ್ತಿ ಹಚ್ಚಿ ತೆಗೆದು ನೋಡಿ. ಇಷ್ಟಕ್ಕೇ ನಿಮ್ಮ ಕೆಲಸ ಆದರೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ಕಿವಿಮಾತು

ತೆಗೆದ ಚಿತ್ರ ಫೋನಿನಲ್ಲೋ ಕಾರ್ಡಿನಲ್ಲೋ ಇದ್ದರೆ ಅದು ಇನ್ನೂ ಮನೆಗೆ ಬಂದಿಲ್ಲ ಎಂದೇ ತಿಳಿಯಿರಿ. ಫೋನು ಕೆಡುತ್ತದೆ, ಕಾರ್ಡು ಕಳೆಯುತ್ತದೆ. ಉಳಿದ ದುಡ್ಡಿನಲ್ಲಿ ಚೆನ್ನಾಗಿ ಬಂದ ನಾಲ್ಕು ಚಿತ್ರಗಳನ್ನು ಸ್ಟುಡಿಯೋದಲ್ಲಿ ಕಾಗದದ ಮೇಲೆ ಹಾಕಿಸಿ. ಒಂದಕ್ಕೆ ಕಟ್ಟು ಹಾಕಿಸಿ. ಇನ್ನೊಂದನ್ನು ಊರಿನಾಚೆ ಇರುವ ನಾದಿನಿಗೋ ಮಗಳಿಗೋ ಕಳಿಸಿ. ಒಂದು ಮನೆಯಲ್ಲಿ ಕಳೆದರೂ ಇನ್ನೊಂದು ಮನೆಯಲ್ಲಿ ಇರುತ್ತದೆ. ಮತ್ತೆ, ಫೋಟೋ ಗೋಡೆಗೆ ಏರಿಸುವ ಮುಂಚೆ ಫೋಟೋದಲ್ಲಿರುವವರ ಕೈಗೇ ಕೊಟ್ಟು ತೋರಿಸಿ. ಅದನ್ನು ಅವರೇ ನೋಡಿ ನಗುವುದು ಮುಖ್ಯ.

ಮುಂದಿನ ಸಂಚಿಕೆಯಲ್ಲಿ: ಇನ್‌ವರ್ಟರ್ ಬ್ಯಾಟರಿ ಎಷ್ಟು ದೊಡ್ಡದು ಬೇಕು, ನೀರು ಯಾವಾಗ ತುಂಬಬೇಕು? ನಿಮ್ಮ ಮನೆಯಲ್ಲಿ ಕರೆಂಟು ಹೋದಾಗ ಯಾವ ಯಾವ ದೀಪ, ಫ್ಯಾನು ನಡೆಯಬೇಕು ಎಂದು ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ಲೆಕ್ಕ ಒಟ್ಟಿಗೆ ಹಾಕೋಣ.